ಬಾರ್‌ಕೋಡಿನ ಮೇಲೊಂದು ಬೊಟ್ಟು

ಯಂತ್ರ ಕೆಟ್ಟಿರಲಿಲ್ಲ. ಬೆಟ್ಟದ ಮೇಲಿನ ದುರ್ಗಮ್ಮ ಮುನಿದಿರಲಿಲ್ಲ. ನಮ್ಮ ಯಜಮಾನರ ಗ್ರಹಗತಿಗೂ ಇದಕ್ಕೂ ಸಂಬಂಧವಿಲ್ಲ. ಕುಂಕುಮವನ್ನು ಇಡಬಾರದ ಜಾಗದಲ್ಲಿ ಇಟ್ಟಿದ್ದರು. ನಡೆದದ್ದು ಇಷ್ಟೇ.

ಮೊದಲೇ ಹೇಳಿಬಿಡುತ್ತಿದ್ದೇನೆ. ಯಾಕೆಂದರೆ ನಾವು ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಬಂದವರೆಲ್ಲ ನಾಲ್ಕು ಮೂಸಂಬಿ ಕೊಟ್ಟು ಒಂದೊಂದು ಕಥೆ ಕಟ್ಟಿಕೊಂಡು ಹೋಗಿದ್ದಾರೆ. "ಕಂಪ್ಯೂಟರು ನಿಮ್ಮ ಯಜಮಾನ್ರನ್ನ ನುಂಗಿಬಿಟ್ಟಿತ್ತಂತೆ, ನಿಜವೇನ್ರೀ?" ಎಂದು ಮಗನ ಬ್ಯಾಂಕಿನ ಮ್ಯಾನೇಜರ ಹೆಂಡತಿ ಕೇಳಿದರು. ನುಂಗಿರಲಿಲ್ಲ ಕಣಮ್ಮ. ಬೇರೊಬ್ಬ ಹೆಂಗಸಿನ ಹೆಸರಿಗೆ ಹಚ್ಚಿತ್ತು.

ಯಜಮಾನರಿಗೆ ಹರ್ನಿಯಾ ಇರುವುದು ಈ ಅಂಕಣ ಓದುವವರಿಗೆ ಹೊಸದಲ್ಲ. ವರ್ಷಗಟ್ಟಲೆ ಬೆಲ್ಟು ಕಟ್ಟಿಕೊಂಡು ಓಡಾಡಿದರು. "ಆಪರೇಷನ್ ಮಾಡಿಸ್ಕೊಳ್ರೀ" ಅಂದರೆ "ಮಾವಿನಕಾಯಿ ಕಾಲ ಮುಗೀಲಿ" ಅನ್ನುವರು. ಮುಗಿದ ಮೇಲೆ "ಮಳೆ ನಿಲ್ಲಲಿ" ಅನ್ನುವರು. ಮಾವಿನಕಾಯಿಗೂ ಹರ್ನಿಯಾಕ್ಕೂ ಏನು ನಂಟು? ನನ್ನನ್ನು ಕೇಳಬೇಡಿ. ನಿಮ್ಮ ಮನೆಯಲ್ಲೂ ಒಬ್ಬರು ಇರುತ್ತಾರೆ, ಅವರನ್ನು ಕೇಳಿ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಆ ಗಂಟು ಒಳಗೆ ಹೋಗಲೇ ಇಲ್ಲ. ಕಲ್ಲಿನ ಹಾಗೆ ಗಟ್ಟಿಯಾಯಿತು. ಎಂದೂ ದನಿ ಎತ್ತದ ಮನುಷ್ಯ ಕಾಫಿ ಲೋಟ ಕೆಳಗಿಟ್ಟು "ಲೇ, ಬಾರೇ ಇಲ್ಲಿ" ಎಂದು ಕೂಗಿದರು. ನಾನು ಒಗ್ಗರಣೆ ಆರಿಸಿ ಬಂದೆ. ಮಗ ರವಿ ಬ್ಯಾಂಕಿಗೆ ರಜೆ ಹೇಳಿ ಆಟೋ ತಂದ. ಇಲ್ಲೇ ಬೆಜವಾಡದಲ್ಲಿ (ವಿಜಯವಾಡ ಎಂದು ಬರೆಯುವುದು ಬೋರ್ಡಿನಲ್ಲಿ, ಬಾಯಲ್ಲಿ ಇದು ಬೆಜವಾಡವೇ) ನಾವು ಮೊದಲು ತೋರಿಸುತ್ತಿದ್ದ ಆಸ್ಪತ್ರೆಗೇ ಸೇರಿಸಿದೆವು.

ಡಾಕ್ಟರು ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಹೇಗೋ ಮಾಡಿ ಗಂಟು ತಗ್ಗಿಸಿದರು. ಆಮೇಲೆ ನಮ್ಮನ್ನು ಹೊರಗೆ ಕರೆದು ಹೇಳಿದರು. "ನಾಳೆ ಬೆಳಿಗ್ಗೆ ಆಪರೇಷನ್ ಮಾಡಲೇಬೇಕು. ಮತ್ತೆ ಸಿಕ್ಕಿಕೊಂಡರೆ ಕರುಳಿಗೆ ಅಪಾಯ. ಇವರಿಗೆ ಯಾವುದಾದರೂ ಔಷಧಿ ಒಗ್ಗುವುದಿಲ್ಲವೇ?"

ಒಗ್ಗುವುದಿಲ್ಲ. ಅದು ನಮಗೆ ಚೆನ್ನಾಗಿ ಗೊತ್ತು.

ರವಿ ವೈಜಾಗ್‌ನಲ್ಲಿದ್ದಾಗ ನಡೆದದ್ದು. ಯಜಮಾನರ ಕಾಲಿಗೆ ಒಂದು ಕುರು ಎದ್ದಿತ್ತು. ಅಲ್ಲಿಯ ಡಾಕ್ಟರು ಇಂಜೆಕ್ಷನ್ ಕೊಟ್ಟರು. ಸೂಜಿ ತೆಗೆದು ಇನ್ನೂ ಹತ್ತಿ ಒತ್ತುತ್ತಿದ್ದಾರೆ, ಇವರ ಮುಖ ಪೂರಿಯ ಹಾಗೆ ಊದಿತು. ತುಟಿ ನೀಲಿಯಾಯಿತು. ಉಸಿರು ಸಿಳ್ಳೆ ಹಾಕತೊಡಗಿತು. ನಾನು ಸಿಂಹಾಚಲದ ಅಪ್ಪನಿಗೆ ಹರಕೆ ಹೊತ್ತೆ. ಡಾಕ್ಟರು ಇನ್ನೊಂದು ಇಂಜೆಕ್ಷನ್ ಚುಚ್ಚಿದರು. ಯಾವುದು ನಾಟಿತೋ, ಮನುಷ್ಯ ಬದುಕಿದರು. ಹೊರಡುವಾಗ ಆ ಡಾಕ್ಟರು ಒಂದು ಚೀಟಿಯಲ್ಲಿ ಕೆಂಪು ಇಂಕಿನಲ್ಲಿ ಔಷಧಿಯ ಹೆಸರು ಬರೆದು, ಕೆಳಗೆ ಗೆರೆ ಎಳೆದು, "ಇದನ್ನು ಮತ್ತೆ ಕೊಟ್ಟರೆ ನೀವು ಅವರನ್ನು ಮನೆಗೆ ಕರೆದುಕೊಂಡು ಹೋಗುವುದಿಲ್ಲ" ಅಂದರು. ಒಳ್ಳೆಯವರು. ನೇರವಾಗಿ ಹೇಳುವವರು ನನಗೆ ಇಷ್ಟ.

"ಹೆಸರೇನು?" ಎಂದು ಬೆಜವಾಡದ ಡಾಕ್ಟರು ಕೇಳಿದರು.

ನಾನು ಮಗನ ಮುಖ ನೋಡಿದೆ. ಮಗ ಅಪ್ಪನ ಮುಖ ನೋಡಿದ. ಯಜಮಾನರು ಮಲಗಿದ್ದಲ್ಲಿಂದಲೇ "ಏನೋ 'ಸಿನ್' ಅಂತ ಕೊನೇಲಿ ಬರ್ತಿತ್ತು" ಅಂದರು.

"ಎಲ್ಲದಕ್ಕೂ ಕೊನೆಯಲ್ಲಿ ಅದೇ ಬರುತ್ತದೆ, ಬಾಬಾಯಿಗಾರು" ಅಂದರು ಡಾಕ್ಟರು. (ಚಿಕ್ಕಪ್ಪನವರೇ ಅಂದ ಹಾಗೆ. ಈ ಊರಿನಲ್ಲಿ ಬೈಯುವಾಗಲೂ ನಂಟಸ್ತಿಕೆ ಬಿಡುವುದಿಲ್ಲ.)

ಚೀಟಿ ಎಲ್ಲಿದೆ ಅಂತ ಕೇಳುತ್ತೀರಾ? ನಾವು ಅಷ್ಟೊಂದು ದಡ್ಡರಲ್ಲ. ಈ ಊರಿಗೆ ವರ್ಗವಾಗಿ ಬಂದ ಹೊಸದರಲ್ಲಿ ಇವರಿಗೆ ಕಾಮಾಲೆಯಾಗಿ ಇದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಆಗ ಆ ಚೀಟಿಯನ್ನು ಕೊಟ್ಟಿದ್ದೆವು. ಅದನ್ನು ಇವರ ಕೇಸ್‌ಶೀಟಿಗೆ ಪಿನ್ ಮಾಡಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಆಸ್ಪತ್ರೆಯಲ್ಲಿರುವುದೇ ಕ್ಷೇಮ ಎಂದು ಬಿಟ್ಟು ಬಂದಿದ್ದೆವು.

ಡಾಕ್ಟರ ಮುಖ ಅರಳಿತು. "ಇಲ್ಲೇ ಇದ್ದರೆ ಚಿಂತೆಯಿಲ್ಲಮ್ಮ. ಹಳೆಯ ಪೇಪರೆಲ್ಲ ಈಗ ಕಂಪ್ಯೂಟರಿನಲ್ಲಿದೆ. ಐದು ನಿಮಿಷದ ಕೆಲಸ" ಅಂದರು.

ಊಟದ ಹೊತ್ತಿಗೆ ರೆಕಾರ್ಡ್ ರೂಮಿನಿಂದ ಉತ್ತರ ಬಂತು. ಆಗ ಆಸ್ಪತ್ರೆ ಇವರಿಗೆ ಕೊಟ್ಟಿದ್ದ ನಂಬರಿನಲ್ಲಿ ಒಂದು ಪೇಪರೂ ಇಲ್ಲ.

ರವಿ ಎಸ್‌ಟಿಡಿ ಬೂತಿಗೆ ಓಡಿ ವೈಜಾಗ್‌ಗೆ ಫೋನ್ ಮಾಡಿದ. ಆ ಡಾಕ್ಟರು ಕ್ಲಿನಿಕ್ಕು ಮುಚ್ಚಿ ಮಗಳ ಊರಿಗೆ ಹೋಗಿದ್ದರು. ಯಾವ ಊರೋ ಪಕ್ಕದ ಅಂಗಡಿಯವನಿಗೆ ಗೊತ್ತಿಲ್ಲ. ಇಲ್ಲಿಯ ಡಾಕ್ಟರು ತಲೆ ಕೆರೆದುಕೊಂಡರು. "ಹೆಸರು ಗೊತ್ತಾದರೆ ಅದನ್ನೂ ಅದರ ಕುಲದವನ್ನೂ ಬಿಟ್ಟು ಬೇರೆ ಕೊಡಬಹುದು. ಗೊತ್ತಿಲ್ಲದೆ ಯಾವುದನ್ನು ಬಿಡಲಿ? ಯಾವುದನ್ನೂ ಕೊಡದೆ ಆಪರೇಷನ್ ಮಾಡುವ ಹಾಗಿಲ್ಲ. ನಾಳೆಗಿಂತ ತಡ ಮಾಡುವ ಹಾಗೂ ಇಲ್ಲ."

ಇದಕ್ಕೆ ಏನನ್ನುತ್ತೀರಿ? ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ರೆಕಾರ್ಡ್ ರೂಮಿಗೆ ಇಳಿದು ಹೋದೆ.

ಅಲ್ಲಿ ಇಬ್ಬರಿದ್ದರು. ಸೂಪರ್‌ವೈಸರ್ ಸುಬ್ಬಾರಾವ್‌ಗಾರು, ಹಣೆ ತುಂಬ ಕುಂಕುಮ. ಕಂಪ್ಯೂಟರಿನ ಮುಂದೆ ನಾಗಮಣಿ ಎಂಬ ಹುಡುಗಿ. ಬಿ.ಕಾಂ. ಮುಗಿಸಿ ಕೋರ್ಸ್ ಮಾಡಿಕೊಂಡವಳು, ಬಾಯಿ ಜೋರು.

"ಮಾಮ್ಮಗಾರು, ಈ ನಂಬರಲ್ಲಿ ಏನೂ ಇಲ್ಲಂಡಿ. ನಾನು ಮೂರು ಸಲ ನೋಡಿದೆ. ನೀವು ಬೇರೆ ಆಸ್ಪತ್ರೆಯಲ್ಲಿ ಕೊಟ್ಟಿರಬೇಕು" ಅಂದಳು. (ಅಜ್ಜಿಗೆ ಇಲ್ಲಿ ಮಾಮ್ಮ ಅನ್ನುತ್ತಾರೆ, 'ಅಂಡಿ' ಅಂದರೆ ನಮ್ಮ 'ರೀ' ಇದ್ದ ಹಾಗೆ. ಅವಳು ಮಾತಾಡಿದ್ದು ತೆಲುಗು. ನಿಮಗಾಗಿ ಕನ್ನಡ ಮಾಡಿದ್ದೇನೆ.)

"ನಂಬರು ಎಲ್ಲಿಂದ ಬಂತಮ್ಮ ಹಾಗಾದ್ರೆ? ನಾನು ಮನೇಲಿ ಬರ್ಕೊಂಡು ಬಂದ್ನಾ?"

"ಕಂಪ್ಯೂಟರು ಸುಳ್ಳು ಹೇಳಲ್ಲಂಡಿ."

"ನಾನು ಹೇಳ್ತೀನಾ?"

ಸುಬ್ಬಾರಾವ್‌ಗಾರು ನಡುವೆ ಬಾಯಿ ಹಾಕಿದರು. "ಅಮ್ಮ, ಕೆಲವೊಂದು ನಮ್ಮ ಕೈಯಲ್ಲಿ ಇರುವುದಿಲ್ಲ. ದುರ್ಗಮ್ಮನಿಗೆ ಒಂದು ನಿಂಬೆಹಣ್ಣಿನ ಹಾರ ಹೇಳಿಕೊಳ್ಳಿ."

"ಹೇಳ್ಕೊಳ್ಳೋಣ ಸ್ವಾಮಿ. ಅಲ್ಲೀವರೆಗೂ ಕಾಗದ ಹುಡುಕಿ" ಅಂದು ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ನನ್ನ ಮೊಣಕಾಲಿಗೆ ಕೂರುವುದೂ ಕಷ್ಟ, ಏಳುವುದೂ ಕಷ್ಟ. ಒಂದು ಸಲ ಕೂತರೆ ಕೂತ ಹಾಗೇ. ಇಬ್ಬರಿಗೂ ಅದು ಗೊತ್ತಾಯಿತು.

ಮೂಲ ಕಾಗದ ಕೊಡಿ ಅಂದರೆ ಅದೂ ಇಲ್ಲ. ಸ್ಕ್ಯಾನ್ ಆದದ್ದನ್ನೆಲ್ಲ ಮೂಟೆ ಕಟ್ಟಿ ಕೊಂಡಪಲ್ಲಿಯ ಗೋಡೌನಿಗೆ ಲಾರಿಯಲ್ಲಿ ಕಳಿಸಿದ್ದಾರೆ. ಯಾವ ಮೂಟೆಯಲ್ಲಿ ಯಾರು ಅಂತ ಆ ಲಾರಿಗೇ ಗೊತ್ತಿರಬೇಕು.

ಸುಮ್ಮನೆ ಕೂತು ಏನು ಮಾಡುವುದು? ನಾಗಮಣಿ ಕೆಲಸ ಮಾಡುವುದನ್ನು ನೋಡಿದೆ. ಒಬ್ಬರ ಕಾಗದಗಳ ಕಟ್ಟು, ಮೇಲೆ ಒಂದು ಹಾಳೆ. ಇನ್ನೊಬ್ಬರ ಕಟ್ಟು, ಮೇಲೆ ಇನ್ನೊಂದು ಹಾಳೆ. ಆ ಹಾಳೆಯಲ್ಲಿ ಅಕ್ಷರವೇ ಇಲ್ಲ ಅನ್ನಬೇಕು. ಈಚೆಗೆ ಸೋಪಿನ ಕವರಿನ ಮೇಲೆ ಬರುತ್ತದಲ್ಲ, ಸಣ್ಣ ಗೆರೆ ದಪ್ಪ ಗೆರೆ, ಅಂಥದ್ದೇ ದೊಡ್ಡದಾಗಿ. ಬಾರ್‌ಕೋಡ್ ಅಂತೆ. ಎಲ್ಲವನ್ನೂ ಒಟ್ಟಿಗೆ ಪೇರಿಸಿ ಯಂತ್ರದ ಬಾಯಿಗೆ ಇಟ್ಟರೆ ಅದು ಒಂದೊಂದೇ ಹಾಳೆ ಎಳೆದುಕೊಂಡು ಫೋಟೋ ತೆಗೆಯುತ್ತದೆ.

"ಆ ಗೆರೆ ಹಾಳೆ ಯಾಕಮ್ಮ?" ಅಂದೆ.

"ಅದು ಬಂದರೆ ಯಂತ್ರಕ್ಕೆ ಗೊತ್ತಾಗುತ್ತಂಡಿ, ಹಿಂದಿನವರು ಮುಗಿದರು, ಹೊಸಬರು ಶುರುವಾದರು ಅಂತ. ಹೊಸಬರ ನಂಬರೂ ಆ ಗೆರೆಯಲ್ಲೇ ಇರುತ್ತೆ. ಅದು ಇಲ್ಲದಿದ್ದರೆ ಎಲ್ಲರ ಕಾಗದವೂ ಒಂದೇ ಸಮ ಹರಿದುಕೊಂಡು ಹೋಗುತ್ತೆ."

ಅರ್ಥವಾಯಿತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಎಲೆ ಬಡಿಸಿದ್ದೇನೆ. ಎಲೆಯ ಮೇಲೆ ಪಾಯಸಕ್ಕೂ ಸಾರಿಗೂ ನಡುವೆ ಅನ್ನದ ಕಟ್ಟೆ ಕಟ್ಟುತ್ತೇವಲ್ಲ, ಅದೇ ಇದು. ಕಟ್ಟೆ ಒಡೆದರೆ ಸಾರು ಎಲ್ಲಿಗೆ ಹೋಗುತ್ತದೆ? ಆವಿಯಾಗುತ್ತದೆಯೇ?

"ನಾಗಮಣಿ, ಇವರ ಕಾಗದ ಯಂತ್ರದೊಳಗೆ ಹೋಗಿದೆ ತಾನೆ? ಹೋದದ್ದು ಇವರ ಹೆಸರಲ್ಲಿ ಇಲ್ಲ ಅಂದ್ರೆ ಪಕ್ಕದವರ ಹೆಸರಲ್ಲಿ ಇರ್ಬೇಕು. ಇವರ ಮುಂದೆ ಹೋದವರು ಯಾರು?"

ಅವಳು ಬಾಯಿ ತೆರೆದಳು. ಜಗಳಕ್ಕೇ ಅಂದುಕೊಂಡೆ. ಆದರೆ ಕುರ್ಚಿ ಎಳೆದುಕೊಂಡು ಕಂಪ್ಯೂಟರಿಗೆ ಹತ್ತಿರವಾದಳು. ಮನೆಗೆ ಹೋಗುವ ಹೊತ್ತು, ಹೊರಗೆ ಅವಳ ಬಸ್ಸಿನ ಗೆಳತಿ ಬಂದು ನಿಂತು "ಬರಲ್ವಾ?" ಅಂದಳು. "ನೀನು ಹೋಗು" ಅಂದಳು ಇವಳು, ತಿರುಗಿ ಕೂಡ ನೋಡದೆ. ಅಲ್ಲಿಂದ ನನಗೆ ಈ ಹುಡುಗಿಯ ಮೇಲೆ ಒಳ್ಳೆಯ ಅಭಿಪ್ರಾಯ.

ಇವರ ಅಕ್ಕಪಕ್ಕದ ನಂಬರುಗಳೆಲ್ಲ ದಸರಾ ಹೊತ್ತಿನಲ್ಲಿ ಯಂತ್ರಕ್ಕೆ ಹಾಕಿದ್ದಂತೆ. ಆಗ ಅವಳಿಗೆ ನೆನಪಾಯಿತು. "ಸಾರ್, ಪೂಜೆಯಾದ ಮೇಲೆ ಮೊದಲು ಸತ್ಯವತಿಗಾರಿದು ಹಾಕಿಸಿದಿರಲ್ಲ, ಸಾಲು ಬಿಟ್ಟು?"

ಸುಬ್ಬಾರಾವ್‌ಗಾರು ಕೆಮ್ಮಿದರು.

ನಡೆದದ್ದು ಹೀಗೆ. ಆಯುಧಪೂಜೆಗೆ ರೆಕಾರ್ಡ್ ರೂಮಿನಲ್ಲಿ ಯಂತ್ರಕ್ಕೆ ಮಾವಿನೆಲೆ, ಹೂವಿನ ಹಾರ, ಕೆಳಗೆ ಕುಂಬಳಕಾಯಿ. ದುರ್ಗಮ್ಮನ ಬೆಟ್ಟ ಇಂದ್ರಕೀಲಾದ್ರಿಯಿಂದ ಸುಬ್ಬಾರಾವ್‌ಗಾರೇ ಕುಂಕುಮ ತಂದಿದ್ದರು. ಗೆರೆ ಹಾಳೆಗಳೂ ಕೆಲಸದ ಸಾಮಾನೇ ಅಲ್ಲವೇ? ಅಚ್ಚು ಹಾಕಿಟ್ಟಿದ್ದ ಕಟ್ಟನ್ನೂ ದೇವಿಯ ಪಟದ ಮುಂದೆ ಇಟ್ಟು ಪೂಜೆ ಮಾಡಿದರು. ಪೂಜೆಯಾದ ಮೇಲೆ ಮೊದಲ ಫೈಲು ಮಂಗಳಕರವಾಗಿರಲಿ ಎಂದು ಕೊಂಡಪಲ್ಲಿ ಕಡೆಯ ಸತ್ಯವತಿ ಎಂಬ ಹೆಂಗಸಿನದನ್ನು ಆರಿಸಿ ತೆಗೆದರು. ಎರಡು ಹೆರಿಗೆ, ಎರಡೂ ಸುಖಪ್ರಸವ. ಅದಾದ ಮೇಲೆ ಸಾಲಿನ ಪ್ರಕಾರ ಮುಂದಿನದು ನಮ್ಮವರದು.

ನಾಗಮಣಿ ಸತ್ಯವತಿಯ ಕಾಗದಗಳನ್ನು ಒಂದೊಂದೇ ತೆರೆಯುತ್ತ ಹೋದಳು. ಮೊದಲ ಹೆರಿಗೆ. ಮಗುವಿನ ತೂಕ. ಎರಡನೇ ಹೆರಿಗೆ. ಮಗುವಿನ ಚುಚ್ಚುಮದ್ದು. ಆಮೇಲೆ ಒಂದು ಗೆರೆ ಹಾಳೆ. ಅದರ ಗೆರೆಗಳ ನಟ್ಟನಡುವೆ ಒಂದು ಕಪ್ಪು ಮಚ್ಚೆ.

"ಇದೇನು, ಇಂಕು ಚೆಲ್ಲಿದೆಯಾ?" ಅಂದಳು.

ಇಂಕಲ್ಲ. ಉಂಗುರದ ಬೆರಳು ಒತ್ತಿ ಮೇಲಕ್ಕೆ ಎಳೆದ ಗುರುತು. ಮದುವೆಯಾದಂದಿನಿಂದ ದಿನಾ ಹೊಸ್ತಿಲಿಗೆ ಹಾಗೆ ಎಳೆಯುತ್ತಿದ್ದೇನೆ, ನನಗೆ ತಿಳಿಯುವುದಿಲ್ಲವೇ? ಸುಬ್ಬಾರಾವ್‌ಗಾರಿಗೂ ತಿಳಿಯಿತು. ಅವರು ತಮ್ಮ ಬೆರಳನ್ನೇ ಒಂದು ಸಲ ನೋಡಿಕೊಂಡರು. ಪೂಜೆಗೆ ಇಟ್ಟ ಕಟ್ಟಿನಲ್ಲಿ ಎಲ್ಲಕ್ಕಿಂತ ಮೇಲಿದ್ದ ಹಾಳೆ ಇದೇ. ಯಂತ್ರಕ್ಕೆ ಕೆಂಪೂ ಕಪ್ಪೂ ಒಂದೇ. ಬೊಟ್ಟಿನ ಕೆಳಗೆ ಗೆರೆಗಳೆಲ್ಲ ಸೇರಿಹೋಗಿ ಅದಕ್ಕೆ ಓದಲು ಆಗಿಲ್ಲ. ಇದೂ ಸತ್ಯವತಿಯದೇ ಇನ್ನೊಂದು ಕಾಗದ ಎಂದುಕೊಂಡು ಮುಂದಕ್ಕೆ ಹೋಗಿದೆ.

ಮುಂದಿನ ಪುಟ ತೆರೆದಾಗ ನಾಗಮಣಿ ಕಿಸಕ್ಕೆಂದು ನಕ್ಕಳು. ಸತ್ಯವತಿಗಾರಿಗೆ ವಯಸ್ಸು ಅರವತ್ತಾರು, ಗಂಡಸು, ಕಾಮಾಲೆ, ಬೀಡಿ ಬಿಟ್ಟು ಹತ್ತು ವರ್ಷ.

ಅದರ ಮುಂದಿನ ಪುಟ, ಪಿನ್ನಿನ ಗುರುತಿನ ಸಮೇತ, ವೈಜಾಗ್‌ನ ಚೀಟಿ. ಕೆಂಪು ಇಂಕು ಕಪ್ಪಾಗಿ ಬಂದಿತ್ತು. ಕೆಳಗಿನ ಗೆರೆ ಹಾಗೇ ಇತ್ತು. ನಾಗಮಣಿ ಹೆಸರನ್ನು ಗಟ್ಟಿಯಾಗಿ ಓದಿದಳು. ಅದರ ಕೊನೆಯಲ್ಲಿ 'ಸಿನ್' ಇರಲೇ ಇಲ್ಲ. (ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯಿಂದ ನಿಮಗೂ ಅದು ಒಗ್ಗುವುದಿಲ್ಲ ಅಂತ ಶುರು ಮಾಡುತ್ತೀರಿ.)

ನಾನು ಏಳಲು ಹೋದೆ. ಮೊಣಕಾಲು ಕೇಳಲಿಲ್ಲ. ನಾಗಮಣಿಯೇ ಆ ಪುಟವನ್ನು ಅಚ್ಚು ಹಾಕಿಸಿ ಮೆಟ್ಟಿಲು ಹತ್ತಿ ಓಡಿದಳು, ಚಪ್ಪಲಿ ಕೆಳಗೇ ಬಿಟ್ಟು.

ನಾನು ಹೇಗೋ ಎದ್ದು ಮೇಲೆ ಹೋದಾಗ ಡಾಕ್ಟರು ಆ ಹಾಳೆಯನ್ನು ಎರಡು ಸಲ ಓದಿ ನನ್ನ ಕಡೆ ನೋಡಿದರು. "ಇದನ್ನೇ ನಾಳೆ ಕೊಡೋಣ ಅಂದುಕೊಂಡಿದ್ದೆನಮ್ಮ" ಅಂದರು.

ನನಗೆ ಅಳು ಬರಲಿಲ್ಲ. ಕುಡಿಯಲು ನೀರು ಕೇಳಿದೆ.

ಯಜಮಾನರಿಗೆ ಎಲ್ಲ ಹೇಳಿದೆ.

"ಹಂಗಾದ್ರೆ ನಂಗೆ ಎರಡು ಹೆರಿಗೆ ಆಗಿದೆ ಅನ್ನು."

"ಎರಡೂ ಸುಖಪ್ರಸವ ಕಣ್ರೀ."

"ನಿಂಗೆ ಒಂದಕ್ಕೇ ಮೂರು ದಿನ ಹಿಡೀತು" ಅಂದರು. ನಕ್ಕರೆ ಹರ್ನಿಯಾ ನೋಯುತ್ತದೆ. ಆದರೂ ನಕ್ಕರು.

ಈಗ ಬೈಯುವವರು ಸುಬ್ಬಾರಾವ್‌ಗಾರನ್ನು ಬೈಯುತ್ತಾರೆ. ಕಂಪ್ಯೂಟರಿಗೆ ಯಾಕೆ ಪೂಜೆ ಅನ್ನುತ್ತಾರೆ. ನಾನು ಹಾಗೆ ಅನ್ನುವುದಿಲ್ಲ. ನಮ್ಮ ಮನೆಯ ಫ್ರಿಜ್ಜಿಗೂ ಬೊಟ್ಟಿದೆ, ರವಿಯ ಸ್ಕೂಟರಿಗೂ ಇದೆ. ಆದರೆ ಗ್ಯಾಸ್ ಒಲೆಗೆ ಪೂಜೆ ಮಾಡುವಾಗ ಬರ್ನರಿನ ತೂತಿಗೆ ಕುಂಕುಮ ತುಂಬುತ್ತೇವೆಯೇ? ಸಿಂಹಾಚಲದಲ್ಲಿ ಅಪ್ಪನಿಗೆ ವರ್ಷವೆಲ್ಲ ಗಂಧ ಮೆತ್ತಿರುತ್ತಾರೆ, ಮುಖವೇ ಕಾಣುವುದಿಲ್ಲ. ಅವನು ದೇವರು, ಗಂಧದೊಳಗಿಂದಲೇ ನಮ್ಮನ್ನು ಗುರುತು ಹಿಡಿಯುತ್ತಾನೆ. ಯಂತ್ರಕ್ಕೆ ಆ ಶಕ್ತಿ ಇಲ್ಲ. ಅದಕ್ಕೆ ಗೆರೆ ಕಾಣಬೇಕು.

ನನಗೆ ಆ ಗೆರೆ ಹಾಳೆಯ ಮೇಲೂ ಗೌರವ ಬಂದಿದೆ. ಅದರಲ್ಲಿ ಯಾರ ರೋಗವೂ ಇಲ್ಲ, ಯಾರ ಔಷಧಿಯೂ ಇಲ್ಲ. ಒಬ್ಬರು ಮುಗಿದರು, ಇನ್ನೊಬ್ಬರು ಶುರುವಾದರು ಅಂತ ಹೇಳುವುದಷ್ಟೇ ಅದರ ಕೆಲಸ. ಅಂಥದ್ದೊಂದು ಹಾಳೆ ನಮ್ಮ ಮನೆಗಳಲ್ಲಿ ಎಷ್ಟು ಕಡೆ ಬೇಕು! ಆಫೀಸಿನ ಸಿಟ್ಟಿಗೂ ರಾತ್ರಿಯ ಊಟಕ್ಕೂ ನಡುವೆ ಒಂದು ಇಟ್ಟಿದ್ದರೆ ರವಿ ಸೊಸೆಯ ಮೇಲೆ ಯಾಕೆ ರೇಗುತ್ತಿದ್ದ? ಸೊಸೆಯ ಅಡುಗೆಗೂ ನನ್ನ ಬಾಯಿಗೂ ನಡುವೆ ಒಂದು ಇಟ್ಟರೂ ತಪ್ಪಿಲ್ಲ. (ಸೊಸೆ ಇದನ್ನು ಓದುತ್ತಾಳೆ. ಓದಲಿ.)

ಹಾಗೆಂದು ಎಲ್ಲ ಕಡೆ ಇಡಬೇಡಿ. ನಮ್ಮ ಮೊಮ್ಮಗಳು "ಅಜ್ಜಿ, ನಂಗೆ ಹಸಿವು, ಅನ್ನಂ ಪೆಟ್ಟು" ಅನ್ನುತ್ತಾಳೆ. ಕನ್ನಡದಲ್ಲಿ ಹಸಿಯುತ್ತದೆ, ತೆಲುಗಿನಲ್ಲಿ ಬಡಿಸು ಅನ್ನುತ್ತಾಳೆ. ನಡುವೆ ಹಾಳೆ ಇಡಲು ಹೋದರೆ ಮಗು ಉಪವಾಸ ಬೀಳುತ್ತದೆ. ಅದು ಹರಿದುಕೊಂಡು ಹೋಗಲಿ.

ಇನ್ನೊಂದು ಮಾತು. ಆ ಬೊಟ್ಟಿನ ಹಾಳೆ ಯಂತ್ರಕ್ಕೆ ಅರ್ಥವಾಗಲಿಲ್ಲ, ನಿಜ. ಅರ್ಥವಾಗಲಿಲ್ಲ ಅಂತ ಬಿಸಾಡಲಿಲ್ಲ. ಮಚ್ಚೆಯ ಸಮೇತ ಇಟ್ಟುಕೊಂಡಿತು. ಅದರ ಹಿಂದೆ ಬಂದವರ ಒಂದು ಚೀಟಿಯನ್ನೂ ಬಿಡದೆ ಇಟ್ಟುಕೊಂಡಿತು. ನಾವಾಗಿದ್ದರೆ? ಅರ್ಥವಾಗದ ಕಾಗದವನ್ನು ಮನೆಯಲ್ಲಿ ಎಷ್ಟು ದಿನ ಇಟ್ಟುಕೊಳ್ಳುತ್ತೇವೆ? ಹಳೆಯ ಪೇಪರಿನವನು ಬರುವ ತನಕ. ಅದಕ್ಕೇ ಆ ಯಂತ್ರದ ಋಣ ನನ್ನ ಮೇಲಿದೆ. ಬಸ್ಸು ಬಿಟ್ಟು ಕೂತ ಹುಡುಗಿಯದು ಇನ್ನೂ ಹೆಚ್ಚು. ಇಲ್ಲದಿದ್ದರೆ ಈ ವಾರ ಈ ಜಾಗದಲ್ಲಿ ನೀವು ಬೇರೆ ಏನೋ ಓದುತ್ತಿದ್ದಿರಿ, ಬರೆಯುವವಳೂ ಬೇರೆಯಾಗಿರುತ್ತಿದ್ದಳು.

ಮಾರನೆಯ ಬೆಳಿಗ್ಗೆ ಯಜಮಾನರನ್ನು ಆಪರೇಷನ್ನಿಗೆ ಒಳಗೆ ತೆಗೆದುಕೊಂಡು ಹೋದರು. ಬಾಗಿಲು ಹಾಕಿಕೊಂಡಿತು. ನಾನು ಬೆಂಚಿನ ಮೇಲೆ ಕೂರಲಿಲ್ಲ. ಬ್ಯಾಗಿನಿಂದ ಕುಂಕುಮದ ಭರಣಿ ತೆಗೆದುಕೊಂಡು ನೇರ ರೆಕಾರ್ಡ್ ರೂಮಿಗೆ ಇಳಿದೆ.

ಭರಣಿ ನೋಡಿದ್ದೇ ತಡ, ನಾಗಮಣಿ ಎರಡೂ ಕೈ ಚಾಚಿ ಗೆರೆ ಹಾಳೆಗಳ ಕಟ್ಟನ್ನು ಎದೆಗೆ ಅವಚಿಕೊಂಡಳು. "ವದ್ದು ಮಾಮ್ಮಗಾರು! ಮೀಕು ದಂಡಂ ಪೆಡತಾನು!" ಬೇಡ, ನಿಮಗೆ ಕೈ ಮುಗಿಯುತ್ತೇನೆ ಅನ್ನುವುದು. ಕೈಯಲ್ಲಿ ಕಟ್ಟಿದ್ದರಿಂದ ಮುಗಿಯಲು ಆಗಲಿಲ್ಲ.

"ಸುಮ್ನಿರೇ. ಬಗ್ಗು" ಅಂದೆ.

ಬಗ್ಗಿದಳು. ಉಂಗುರದ ಬೆರಳು ಅದ್ದಿ ಅವಳ ಹಣೆಯ ನಡುವೆ ಒತ್ತಿ ಮೇಲಕ್ಕೆ ಎಳೆದೆ.

ಕುಂಕುಮಕ್ಕೆ ಇಷ್ಟು ಒಳ್ಳೆಯ ಜಾಗ ಇರುವಾಗ ಕಾಗದದ ಮೇಲೆ ಯಾಕೆ ಇಡಬೇಕು, ಹೇಳಿ?